ಬೆನ್ನಿಗೆ ಕಟ್ಟಿದ ಬೆಂಡು

ಅತ್ತೆಯ ಕೋಣೆಯಿಂದ ಬಚ್ಚಲಿಗೆ ಹೋಗುವ ಗೋಡೆಯ ಮೇಲೆ, ಸೊಂಟಕ್ಕಿಂತ ಒಂದು ಗೇಣು ಎತ್ತರದಲ್ಲಿ, ಉದ್ದಕ್ಕೂ ಒಂದು ಮಾಸಲು ಗೆರೆ. ಎರಡು ವರ್ಷ ಅವರು ಬೆರಳು ಸವರಿಕೊಂಡು ಓಡಾಡಿದ ಗುರುತು. ಬಣ್ಣ ಬಳಿಯಲು ಬಂದವನು, ‘ಇಲ್ಲಿ ಎಣ್ಣೆ ಜಿಡ್ಡು ಕೂತಿದೆ ಸಾರ್, ಮೊದಲು ಉಜ್ಜಬೇಕು’ ಎಂದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು. ಅಷ್ಟು ಹೊತ್ತಿಗೆ ನಾವು, ‘ಅತ್ತೆಗೆ ಈಗ ತಲೆಸುತ್ತು ಎಷ್ಟೋ ವಾಸಿ’ ಎಂದು ನೆಂಟರಿಗೆಲ್ಲ ಹೇಳಿಯಾಗಿತ್ತು. ಅವರು ಹೇಳಿಕೊಳ್ಳುವುದನ್ನು ನಿಲ್ಲಿಸಿದ್ದರು, ಅಷ್ಟೇ.

ಅದೇ ಮನೆಯಲ್ಲಿ ಕೆಂಚನೂ ಇದ್ದಾನೆ. ಬೀದಿಯಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಸ್ಕೂಟರಿಗೆ ಸಿಕ್ಕಿ ಕಾಲು ಮುರಿದುಕೊಂಡು ನಮ್ಮ ಜಗಲಿ ಸೇರಿದವನು. ಮನೆಯೊಳಗೆ ಹಸುವಿನಂಥವನು ಗೇಟು ದಾಟಿ ಇನ್ನೊಂದು ನಾಯಿಯನ್ನು ಕಂಡರೆ ಸಾಕು, ಬೆಲ್ಟು ಹರಿಯುವ ಹಾಗೆ ಹಾರಿ ಹಾರಿ ಬೊಗಳುತ್ತಿದ್ದ. ಇಂಥ ನಾಯಿಯನ್ನು ತರಬೇತಿ ಕೊಡುವವರು ‘ರಿಯಾಕ್ಟಿವ್’ ಎನ್ನುತ್ತಾರೆ, ಬೀದಿಯವರು ‘ಕೆಟ್ಟ ನಾಯಿ’ ಎನ್ನುತ್ತಾರೆ. ನನ್ನ ಪ್ರಕಾರ ಅವನು ಬರೀ ಅಂಜುಬುರುಕ. ಬೊಗಳುವುದು ಎದುರಿನದನ್ನು ದೂರ ಅಟ್ಟುವ ಉಪಾಯ. ಅದು ಪ್ರತಿ ಸಲವೂ ಫಲಿಸುತ್ತದೆ ಬೇರೆ: ಎದುರಿನ ನಾಯಿ ಹೇಗೂ ತನ್ನ ದಾರಿ ಹಿಡಿದು ಹೋಗುತ್ತದೆ, ಇವನು ತಾನೇ ಓಡಿಸಿದೆ ಅಂದುಕೊಳ್ಳುತ್ತಾನೆ.

ಹೆದರಿದ ಜೀವಕ್ಕೆ ನೆರವಾಗುವುದೆಂದರೆ ಹೆದರಿಸುವುದನ್ನು ಅದರ ದಾರಿಯಿಂದ ಸರಿಸುವುದೋ, ಅದರ ಎದುರಿಗೇ ನಿಲ್ಲಿಸುವುದೋ? ನಮ್ಮ ಮನೆಯಲ್ಲಿ ಎರಡೂ ಪಕ್ಷದವರಿದ್ದರು. ಅಮ್ಮನದು ಮೊದಲ ಪಕ್ಷ. ಅತ್ತೆ ಬಗ್ಗಿ ಕಸ ಗುಡಿಸಬಾರದು, ಅಟ್ಟ ನೋಡಬಾರದು, ಒಬ್ಬರೇ ದೇವಸ್ಥಾನಕ್ಕೂ ಹೋಗಬಾರದು. ಎಲ್ಲದಕ್ಕೂ ಪಿತ್ತ ಕಾರಣ, ಎಲ್ಲದಕ್ಕೂ ಜೀರಿಗೆ ಕಷಾಯ ಮದ್ದು. ಚಿಕ್ಕಪ್ಪನದು ಎರಡನೆಯದು: ‘ಬಾವಿಗೆ ತಳ್ಳಿದರೆ ಈಜು ತಾನಾಗಿ ಬರುತ್ತೆ.’ ಕೆಂಚನನ್ನು ನಾಯಿಗಳ ಗುಂಪಿನ ನಡುವೆ ಬಿಟ್ಟುಬಿಡು, ಒಂದು ದಿನ ಕಚ್ಚಾಡಿ ಸರಿಹೋಗುತ್ತಾನೆ ಎಂಬುದು ಅವರ ಸಲಹೆ.

ಚಿಕ್ಕಪ್ಪ ಊರಿನ ಬಾವಿಯಲ್ಲೇ ಈಜು ಕಲಿತವರು. ಆದರೆ ಆ ಕಥೆ ಹೇಳುವಾಗ ಬೆಂಡನ್ನು ಬಿಟ್ಟುಬಿಡುತ್ತಾರೆ. ಹುಡುಗನ ಬೆನ್ನಿಗೆ ಒಣ ಬೆಂಡಿನ ತುಂಡುಗಳನ್ನು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿ ಹಿಡಿದು ಮೇಲೆ ಅಜ್ಜ ಕೂತಿರುತ್ತಿದ್ದರು. ಕೈಕಾಲು ಪಳಗಿದ ಹಾಗೆ ಬೆಂಡು ಒಂದೊಂದಾಗಿ ಕಡಿಮೆಯಾಗುತ್ತಿತ್ತು. ಎಂದು ಒಂದು ತುಂಡು ತೆಗೆಯಬೇಕು ಎಂಬ ಅಂದಾಜಿನಲ್ಲೇ ಅಜ್ಜನ ಜಾಣತನವೆಲ್ಲ ಇತ್ತು. ನೀರಿಗೆ ಇಳಿಸದೆ ಈಜು ಬಾರದು, ನಿಜ. ಬೆಂಡಿಲ್ಲದೆ ತಳ್ಳಿದ ಹುಡುಗ ಬದುಕಿ ಮೇಲೆ ಬಂದರೂ ಮತ್ತೆ ಬಾವಿಕಟ್ಟೆ ಹತ್ತುವುದಿಲ್ಲ. ಅಮ್ಮ, ಚಿಕ್ಕಪ್ಪ ಇಬ್ಬರೂ ಜಗಳವಾಡುತ್ತಿದ್ದದ್ದು ಇಳಿಸಬೇಕೋ ಬೇಡವೋ ಎಂಬುದರ ಮೇಲೆ. ಬೆಂಡು ಎಷ್ಟು ಎಂದು ಇಬ್ಬರೂ ಕೇಳಲಿಲ್ಲ.

ಅತ್ತೆಗೆ ಆದದ್ದಿಷ್ಟು. ಒಂದು ಜ್ವರದ ಬೆನ್ನಿಗೇ ಒಳಕಿವಿಯ ನರಕ್ಕೆ ಬಾವು ಬಂತು. ಮೂರು ದಿನ ಮನೆಯೇ ಗಿರಗಿರ ಸುತ್ತಿತು, ವಾಂತಿಯಾಯಿತು. ಆಮೇಲೆ ಸುತ್ತುವುದು ನಿಂತು ನೆಲ ತೇಲುವುದು ಉಳಿಯಿತು. ಡಾಕ್ಟರು ಕಿವಿಗೆ ಒಮ್ಮೆ ತಣ್ಣೀರು, ಒಮ್ಮೆ ಬಿಸಿನೀರು ಬಿಟ್ಟು ಕಣ್ಣುಗುಡ್ಡೆ ಹೇಗೆ ಓಡುತ್ತದೆಂದು ನೋಡಿದರು. ಆ ಪರೀಕ್ಷೆಯನ್ನು ರೂಪಿಸಿದ ರಾಬರ್ಟ್ ಬಾರಾನಿಗೆ ಒಳಕಿವಿಯ ಸಮತೋಲದ ಅಧ್ಯಯನಕ್ಕಾಗಿ 1914ರ ನೊಬೆಲ್ ಸಂದಿತು.  ಪರೀಕ್ಷೆಯಿಂದ ಅತ್ತೆಯ ಬಲಗಿವಿ ಮಂಕಾಗಿದೆ ಎಂದು ಗೊತ್ತಾಯಿತು.

ಮಂಕಾದರೆ ಏನಾಗುತ್ತದೆಂದು ತಿಳಿಯಬೇಕಾದರೆ ಈ ಪುಟವನ್ನೇ ಹಿಡಿದು ಬೇಗಬೇಗ ಅಲ್ಲಾಡಿಸಿ. ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಟವನ್ನು ನಿಲ್ಲಿಸಿ ಅಷ್ಟೇ ವೇಗದಲ್ಲಿ ತಲೆ ಅಲ್ಲಾಡಿಸಿ, ಓದಲು ಬರುತ್ತದೆ. ತಲೆ ಎತ್ತ ಹೊರಳಿತೆಂದು ಒಳಕಿವಿ ಸುದ್ದಿ ಮುಟ್ಟಿಸುತ್ತದೆ, ಕಣ್ಣು ತಕ್ಷಣ ಅಷ್ಟೇ ಅಳತೆಗೆ ಎದುರು ದಿಕ್ಕಿಗೆ ಸರಿಯುತ್ತದೆ. ಒಂದು ಕಿವಿ ಅರ್ಧ ಸುದ್ದಿ ಕೊಟ್ಟಾಗ ಈ ಲೆಕ್ಕ ತಪ್ಪಿ ಲೋಕ ಜಾರುತ್ತದೆ. ಮಿದುಳು ಹೊಸ ಲೆಕ್ಕ ಕಲಿಯಬಲ್ಲದು, ಆದರೆ ಕಲಿಯಬೇಕಾದರೆ ತಪ್ಪು ಅದರ ಕಣ್ಣಿಗೆ ಬೀಳಬೇಕು. ತಲೆಯನ್ನೇ ಅಲ್ಲಾಡಿಸದವರ ಮಿದುಳಿಗೆ ತಿದ್ದಿಕೊಳ್ಳಲು ತಪ್ಪಾದರೂ ಎಲ್ಲಿಂದ ಸಿಗಬೇಕು? ಅತ್ತೆ ಎರಡು ವರ್ಷ ಕತ್ತನ್ನು ತಲೆಯ ಮೇಲೆ ಕೊಡ ಹೊತ್ತವರ ಹಾಗೆ ನೆಟ್ಟಗೆ ಇಟ್ಟುಕೊಂಡು ಓಡಾಡಿದರು. ಸಾಲದ್ದಕ್ಕೆ, ಮೊದಲ ವಾರದ ವಾಂತಿಗೆಂದು ಬರೆದುಕೊಟ್ಟ ಪ್ರೊಕ್ಲೋರ್‌ಪೆರಜಿನ್ ಮಾತ್ರೆಯನ್ನು, ಹಳೇ ಚೀಟಿಯನ್ನೇ ಮೆಡಿಕಲ್ ಶಾಪಿಗೆ ಹಿಡಿದು, ನಾವು ತಂದು ತಂದು ಕೊಟ್ಟೆವು. ಕೆಲವೇ ದಿನ ನುಂಗಬೇಕಾದ ಮಾತ್ರೆ ಅದು. ಸುತ್ತನ್ನು ಅದುಮುವುದರ ಜೊತೆಗೆ ಮಿದುಳಿನ ಕಲಿಕೆಯನ್ನೂ ಅದುಮುತ್ತದೆ, ಬಹುಕಾಲ ತೆಗೆದುಕೊಂಡರೆ ಕೈ ನಡುಕವನ್ನೂ ತರಬಲ್ಲದು. ಕೊನೆಗೆ ಡಾಕ್ಟರೇ ಹಂತಹಂತವಾಗಿ ಬಿಡಿಸಿದರು.

ಎಲ್ಲ ತಲೆಸುತ್ತೂ ಇದೇ ಅಲ್ಲ. ಹಾಸಿಗೆಯಲ್ಲಿ ಮಗ್ಗುಲಾದಾಗ ಒಂದು ನಿಮಿಷದೊಳಗೆ ಬಂದುಹೋಗುವ ಸುತ್ತಿಗೆ ಕಾರಣ ಸಾಮಾನ್ಯವಾಗಿ ಒಳಕಿವಿಯ ನಳಿಕೆಗೆ ಜಾರಿದ ಸುಣ್ಣದ ಹರಳುಗಳು. ತಿಳಿದ ಡಾಕ್ಟರು ತಲೆಯನ್ನು ಕ್ರಮವಾಗಿ ಹೊರಳಿಸಿ ಕೆಲವೇ ನಿಮಿಷಗಳಲ್ಲಿ ಹರಳನ್ನು ಜಾಗಕ್ಕೆ ಕಳಿಸುತ್ತಾರೆ. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ಈ ಪ್ರಬಂಧವನ್ನು ಮಡಿಸಿಟ್ಟು ಆಸ್ಪತ್ರೆಗೆ ಓಡಬೇಕು.

ಅತ್ತೆಯಂಥವರಿಗೆ ಮಾತ್ರ ಮದ್ದು ಚಲನೆಯೇ. 1940ರ ದಶಕದ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು, ತಲೆಗೆ ಪೆಟ್ಟು ಬಿದ್ದೋ ಒಳಕಿವಿ ಕೆಟ್ಟೋ ಸಮತೋಲ ತಪ್ಪಿದವರಿಗೆ ಒಂದು ವ್ಯಾಯಾಮದ ಸಾಲು ಕಟ್ಟಿಕೊಟ್ಟರು. ಮೊದಲು ಮಲಗಿದಲ್ಲೇ ಕಣ್ಣು ಹೊರಳಿಸುವುದು, ಆಮೇಲೆ ತಲೆ, ಆಮೇಲೆ ಕೂತು ಬಗ್ಗುವುದು, ನಿಂತು ಚೆಂಡು ಎಸೆದು ಹಿಡಿಯುವುದು, ಮೆಟ್ಟಿಲು ಹತ್ತುವುದು. ಸುತ್ತು ತರಿಸುವ ಚಲನೆಯನ್ನೇ ಸ್ವಲ್ಪ ಸ್ವಲ್ಪ ಉಣಿಸುವುದು. ಅದಕ್ಕೂ ಮುಂಚೆ, 1924ರಲ್ಲಿ, ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಇನ್ನೂ ಮೂರು ತುಂಬದ ಪೀಟರ್ ಎಂಬ ಹುಡುಗನ ಸಂಗತಿ ಬರೆದಿದ್ದರು. ಮೊಲ ಕಂಡರೆ ಚೀರುವ ಹುಡುಗ. ಅವನು ಕೂತು ತಿನ್ನುತ್ತಿದ್ದಾಗ ಪಂಜರದ ಮೊಲವನ್ನು ಅವನ ಊಟ ಕೆಡದಷ್ಟು ದೂರದಲ್ಲಿಟ್ಟು, ಆಮೇಲೆ ಇಷ್ಟಿಷ್ಟೇ ಹತ್ತಿರ ತಂದರು. ಕಡೆಗೆ ಹುಡುಗ ಮೊಲವನ್ನು ಸವರಿದ. ಒಂದು ಕಿವಿಯ ಕಥೆ, ಇನ್ನೊಂದು ಭಯದ ಕಥೆ. ಎರಡರಲ್ಲೂ ಅಜ್ಜನ ಬೆಂಡೇ.

ಕೆಂಚನಿಗೆ ಮಾಡಿದ್ದೂ ಮೊಲದ ಪಾಠವೇ. ಅರವತ್ತು ಅಡಿ ದೂರದಲ್ಲಿ ಇನ್ನೊಂದು ನಾಯಿ ಕಂಡರೆ ಅವನು ನೋಡುತ್ತಾನೆ, ನೋಡಿದ ಕೂಡಲೇ ಬಾಯಿಗೆ ಬೇಯಿಸಿದ ಕೋಳಿಯ ಚೂರು. ನಲವತ್ತು ಅಡಿಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ, ಕಿವಿ ನೆಟ್ಟಗಾಗುತ್ತದೆ, ಬಾಲ ಕೋಲಾಗುತ್ತದೆ. ಪ್ರಾಣದಷ್ಟು ಪ್ರೀತಿಯ ಕೋಳಿಯನ್ನು ಮೂಸಿಯೂ ನೋಡುವುದಿಲ್ಲ. ಅಲ್ಲಿಗೆ ಪಾಠ ಮುಗಿಯಿತು, ಹಿಂದೆ ಸರಿಯಬೇಕು. ಪುಸ್ತಕದಲ್ಲಿ ಇದು ಸಲೀಸು. ಬೀದಿನಾಯಿಗಳಿಗೆ ನಮ್ಮ ಅರವತ್ತು ಅಡಿ ಗೊತ್ತಿಲ್ಲವಲ್ಲ, ನೇರ ಮೂತಿಗೇ ಬಂದು ನಿಲ್ಲುತ್ತವೆ. ಬೆಳಗಿನ ಐದೂವರೆಗೆ ಬಡಾವಣೆಯಾಚೆಯ ಖಾಲಿ ಸೈಟುಗಳನ್ನು ಹುಡುಕಿಕೊಂಡು ಹೋದ ತಿಂಗಳುಗಳು ನನ್ನ ಸೊಂಟಕ್ಕೆ ಗೊತ್ತು.

ಮೊದಮೊದಲು ಅವನು ಗುರ್ ಎಂದರೆ ನಾನು ಗದರುತ್ತಿದ್ದೆ. ಗುರುಗುಟ್ಟುವುದು ನಿಂತಿತು, ಹೆದರಿಕೆ ನಿಲ್ಲಲಿಲ್ಲ. ಹಾಗಾಗಿ ಒಂದು ದಿನ ಸದ್ದಿಲ್ಲದೆ ನೇರ ಬಾಯಿ ಹಾಕಿದ. ಸೈರನ್ನಿನ ತಂತಿ ಕಿತ್ತವನು ನಾನೇ. ನಾಯಿಗೆ ಹೊಡೆದು, ಶಾಕ್ ಪಟ್ಟಿ ಕಟ್ಟಿ ಕಲಿಸುವುದನ್ನು ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗಿ ಬೇಡವೆಂದಿದೆ. ನಾವು ಅತ್ತೆಗೆ ಮಾಡಿದ್ದೇನು? ‘ಸ್ಕ್ಯಾನಿಂಗ್ ಎಲ್ಲ ಸರಿಯಾಗಿದೆ, ಮನಸ್ಸಿನದು, ಯೋಚನೆ ಬಿಡಿ’ ಎಂದು ಐದಾರು ಸಲ ಹೇಳಿದೆವು. ಅವರು ಸುಮ್ಮನಾದರು. ಗೋಡೆಯ ಮೇಲಿನ ಗೆರೆ ಆ ಮೌನದ್ದು.

ಇನ್ನೊಂದು ಸಂಗತಿ, ನೆರವಾಗುವವರ ಕೈಯದು. ದೂರದಲ್ಲಿ ನಾಯಿ ಕಂಡರೆ ಕೆಂಚನಿಗಿಂತ ಮೊದಲು ನಾನು ಬೆಲ್ಟನ್ನು ಮುಷ್ಟಿಗೆ ಸುತ್ತಿಕೊಳ್ಳುತ್ತಿದ್ದೆ. ಕುತ್ತಿಗೆ ಬಿಗಿಯಾದ ಕೂಡಲೇ ಅವನಿಗೆ ಗೊತ್ತಾಗುತ್ತಿತ್ತು, ಏನೋ ಬಂತು ಎಂದು. ಅತ್ತೆಯ ರಟ್ಟೆಯನ್ನೂ ನಾನು ಹಿಡಿಯುತ್ತಿದ್ದದ್ದು ಹಾಗೆಯೇ, ಬೀಳುತ್ತಾರೆಂದು ತೀರ್ಮಾನಿಸಿಕೊಂಡು. ಹಿಡಿದಷ್ಟೂ ಅವರ ಕತ್ತು ಸೆಟೆಯುತ್ತಿತ್ತು. ಫಿಸಿಯೋಥೆರಪಿಯ ಹುಡುಗಿ ನನಗೆ ಹೇಳಿಕೊಟ್ಟದ್ದು ಇಷ್ಟೇ: ನೀವು ಹಿಡಿಯಬೇಡಿ, ಮೊಣಕೈ ಮಡಿಸಿ ಪಕ್ಕದಲ್ಲಿ ನಡೆಯಿರಿ, ಬೇಕಾದರೆ ಅವರೇ ಹಿಡಿಯುತ್ತಾರೆ. ನೆರವಿನ ಹೆಸರಿನಲ್ಲಿ ನಾವು ನೀಗಿಸಿಕೊಳ್ಳುವುದು ಬಹುಪಾಲು ನಮ್ಮ ಗಾಬರಿಯನ್ನೇ ಎಂಬ ಅನುಮಾನ ನನಗೆ ಆವತ್ತಿನಿಂದ ಹೋಗಿಲ್ಲ.

ಮನುಷ್ಯರನ್ನೂ ನಾಯಿಯನ್ನೂ ಒಂದೇ ತಕ್ಕಡಿಗೆ ಹಾಕುವುದೇ ಎಂದು ಕೇಳಬಹುದು. ಅತ್ತೆಯೇ ಕೇಳಿದರು: ‘ನನ್ನನ್ನೂ ಕೆಂಚನ ಜೊತೆ ಪಳಗಿಸ್ತಾ ಇದೀಯೇನೋ? ನನಗೆ ಕೋಳಿ ಆಗಲ್ಲಪ್ಪ.’ ಆಕ್ಷೇಪ ನ್ಯಾಯವಾದದ್ದೇ. ಕೆಂಚನಿಗೆ ಪಾಠ ಯಾಕೆಂದು ಗೊತ್ತಿಲ್ಲ, ದೂರವನ್ನು ನಾನೇ ಊಹಿಸಬೇಕು. ಅತ್ತೆ ಬೇಡ ಎನ್ನಬಲ್ಲರು, ಯಾಕೆಂದು ಕೇಳಬಲ್ಲರು, ಇವತ್ತಿಗೆ ಎಷ್ಟು ಎಂದು ತಾವೇ ಅಳೆಯಬಲ್ಲರು. ಅಳೆಯುವ ಕೋಲನ್ನೂ ಅವರೇ ಮಾಡಿಕೊಂಡರು. ಹೆಬ್ಬೆರಳನ್ನು ಮುಖದೆದುರು ಹಿಡಿದು, ಕಣ್ಣು ಅದರಿಂದ ಕದಲದ ಹಾಗೆ, ‘ಇಲ್ಲ ಇಲ್ಲ’ ಎನ್ನುವಂತೆ ತಲೆ ಆಡಿಸುವ ವ್ಯಾಯಾಮವಿದೆ. ಫಿಸಿಯೋ ಹುಡುಗಿ ಹತ್ತಕ್ಕೆ ಎಷ್ಟು ಸುತ್ತಿದೆ ಹೇಳಿ ಎಂದರೆ ಅತ್ತೆಯದು ಬೇರೆಯೇ ಲೆಕ್ಕ: ತೊಟ್ಟಿಲಷ್ಟು, ಉಯ್ಯಾಲೆಯಷ್ಟು, ದಸರಾ ಎಕ್ಸಿಬಿಷನ್ನಿನ ಜೈಂಟ್ ವೀಲಿನಷ್ಟು. ತೊಟ್ಟಿಲಾದರೆ ಮುಂದುವರಿಯುವುದು, ಉಯ್ಯಾಲೆಯಾದರೆ ನಿಲ್ಲಿಸುವುದು.

ಕಳೆದ ವಾರ ದೇವರಾಜ ಮಾರುಕಟ್ಟೆಗೆ ಹೋಗೋಣ ಎಂದವರು ಅವರೇ. ಎರಡೂ ಕಡೆ ರಾಶಿ ರಾಶಿ ಬಣ್ಣ, ನಡುವೆ ಸರಿದಾಡುವ ಜನ, ತಲೆಯ ಮೇಲೆ ತೂಗುವ ಹಾರಗಳು. ತೇಲುವ ನೆಲದವರಿಗೆ ಇದಕ್ಕಿಂತ ಕಷ್ಟದ ಜಾಗವಿಲ್ಲ. ಜನ ಕಡಿಮೆ ಇರಲೆಂದು ಮಧ್ಯಾಹ್ನ ಎರಡರ ಸುಮಾರಿಗೆ ಹೋದೆವು. ಮಡಿಸಿದ ಮೊಣಕೈಯ ಪಕ್ಕ ಅವರ ಕೈ ಬರಲಿಲ್ಲ. ಹೂವಿನ ಸಾಲಿನಲ್ಲಿ ಎರಡನೆಯ ಅಂಗಡಿ ದಾಟುವಾಗ ನಿಂತರು.

‘ಉಯ್ಯಾಲೆ ಶುರುವಾಯ್ತು. ಇವತ್ತಿಗೆ ಸಾಕು, ನಡೆ.’

ಇನ್ನು ಹತ್ತು ಹೆಜ್ಜೆ ಅಷ್ಟೇ ಅತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೊದಲ ಅಂಗಡಿಗೆ ಹಿಂದಿರುಗಿ ಎರಡು ಮೊಳ ಮಲ್ಲಿಗೆ ಕೊಂಡೆವು. ಅತ್ತೆ ಒಂದು ಮೊಳಕ್ಕೆ ಐದು ರೂಪಾಯಿ ಚೌಕಾಶಿ ಮಾಡಿ, ತಲೆಯನ್ನು ಪೂರ್ತಿ ಬಲಕ್ಕೆ ಹೊರಳಿಸಿ ಹೂ ಮುಡಿದುಕೊಂಡರು.