ಕರಾರುಪತ್ರವನ್ನು ಓದುವವರಾರು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ನಮಗೆಲ್ಲ ಪರಿಚಿತವಾದುದು. ಕಟ್ಟೆಯಲ್ಲಿ ಕುಳಿತವನಿಗೆ ಕನಿಕರಿಸುವ ಅಧಿಕಾರವಿಲ್ಲ. ಅವನ ಕೈಯಲ್ಲಿರುವುದು ದರದ ಪಟ್ಟಿ ಮಾತ್ರ. ಆ ಪಟ್ಟಿಯನ್ನು ಬರೆದವರಾರು, ಯಾರ ಒಪ್ಪಿಗೆಯಿಂದ ಬರೆದರು ಎಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ. ಕೊಲ್ಹಾಪುರದ ಜನತೆ ಅದನ್ನು ಎತ್ತಿತು. ಅಲ್ಲಿನ ಟೋಲ್ ವಿರೋಧಿ ಚಳವಳಿ ಗೆದ್ದು ವರ್ಷಗಳೇ ಸಂದಿವೆ. ಆ ಗೆಲುವನ್ನು ಕೊಂಡಾಡುವವರು ಬಹಳ ಜನ. ಅದರಿಂದ ಕಲಿಯಬೇಕಾದ ಪಾಠವೊಂದು ಮಾತ್ರ ಉಳಿದುಹೋಗಿದೆ. ಅದು ಭಾಷೆಗೆ ಸಂಬಂಧಿಸಿದ್ದು. ಆದುದರಿಂದಲೇ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದೆ ಈ ವಿಷಯವನ್ನು ಇಡುತ್ತಿದ್ದೇನೆ.

ಮೊದಲು ಸಂಗತಿಯನ್ನು ನೆನೆಯೋಣ. ಕೊಲ್ಹಾಪುರ ನಗರದ ಸುಮಾರು 50 ಕಿಲೋಮೀಟರ್ ರಸ್ತೆಗಳನ್ನು ಅಭಿವೃದ್ಧಿಪಡಿಸಲು 220 ಕೋಟಿ ರೂಪಾಯಿಗಳ ಯೋಜನೆಯೊಂದು ಸಿದ್ಧವಾಯಿತು. ಒಂದು ಕಡೆ ಮಹಾನಗರಪಾಲಿಕೆ ಮತ್ತು ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ, ಇನ್ನೊಂದು ಕಡೆ ಮುಂಬಯಿಯ ಐ.ಆರ್.ಬಿ. ಕಂಪನಿ, ಇವರ ನಡುವೆ ಕರಾರಾಯಿತು. ಕಂಪನಿ ತನ್ನ ಬಂಡವಾಳದಿಂದ ರಸ್ತೆ ಮಾಡಬೇಕು. ಪ್ರತಿಯಾಗಿ 30 ವರ್ಷಗಳ ಕಾಲ ನಗರದ ಪ್ರವೇಶದ್ವಾರಗಳಲ್ಲಿ ನಾಕೆಗಳನ್ನಿಟ್ಟು ಟೋಲ್ ವಸೂಲಿ ಮಾಡಿಕೊಳ್ಳಬೇಕು. ಕರಾರಿಗೆ ಸಹಿ ಬಿದ್ದಾಗ ಊರಿನಲ್ಲಿ ದೊಡ್ಡ ಸದ್ದಾಗಲಿಲ್ಲ. ನಾಕೆಗಳು ತಲೆಯೆತ್ತಿದಾಗಲೇ ಜನರಿಗೆ ಅದರ ಅರ್ಥ ತಿಳಿದುದು.

ಅಲ್ಲಿಂದ ಮುಂದಿನದು ಹೋರಾಟದ ಕಥೆ. ಸರ್ವಪಕ್ಷೀಯ ಟೋಲ್ ವಿರೋಧಿ ಕೃತಿ ಸಮಿತಿ ಕಟ್ಟಲ್ಪಟ್ಟಿತು. ಸಾವಿರಾರು ಜನರ ಮೋರ್ಚಾಗಳು ನಡೆದವು. ಕಾಮಗಾರಿ ಅಪೂರ್ಣವಾಗಿದೆ, ಗುಣಮಟ್ಟ ಸಾಲದು ಎಂಬುದು ಸಮಿತಿಯ ವಾದ. ಹಣ ಹೂಡಿದ್ದೇವೆ, ಕರಾರಿನಂತೆ ಹಕ್ಕು ನಮ್ಮದು ಎಂಬುದು ಕಂಪನಿಯ ವಾದ. 2013ರ ಅಕ್ಟೋಬರಿನಲ್ಲಿ ಪೊಲೀಸ್ ಕಾವಲಿನಲ್ಲಿ ವಸೂಲಿ ಆರಂಭವಾಯಿತು. 2014ರ ಜನವರಿಯಲ್ಲಿ ಜಿಲ್ಲೆಯ ಸಚಿವರೇ ಟೋಲ್ ರದ್ದಿನ ಭರವಸೆ ಕೊಟ್ಟರು. ಆದರೂ ವಸೂಲಿ ನಿಲ್ಲದಿದ್ದಾಗ ಉದ್ರಿಕ್ತ ಜನ ನಾಕೆಗಳಿಗೆ ಬೆಂಕಿಯಿಟ್ಟರು. ಫೆಬ್ರವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ನಾಕೆಗಳು ಮತ್ತೆ ತೆರೆದವು. ಆ ವರ್ಷವೇ ರಾಜ್ಯದಲ್ಲಿ ಸರಕಾರ ಬದಲಾಯಿತು. ಹೊಸ ಸರಕಾರ 2015ರ ಡಿಸೆಂಬರಿನಲ್ಲಿ ಕೊಲ್ಹಾಪುರದ ಟೋಲನ್ನು ಶಾಶ್ವತವಾಗಿ ರದ್ದುಪಡಿಸಿತು. ಕಂಪನಿಗೆ ಪರಿಹಾರವೆಂದು ನಿಗದಿಯಾದ ಮೊತ್ತ 450 ಕೋಟಿ ರೂಪಾಯಿಗಳಿಗೂ ಮಿಗಿಲು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಬೇಕು. 220 ಕೋಟಿಯ ಕೆಲಸ. 450 ಕೋಟಿಗೂ ಮೀರಿದ ಬಿಡುಗಡೆ. ಬಡ್ಡಿ, ಕಾಲವ್ಯಯ, ಕರಾರಿನ ಷರತ್ತುಗಳು ಎಲ್ಲ ಸೇರಿ ಮೊತ್ತ ಬೆಳೆಯಿತೆಂದು ಲೆಕ್ಕ ಹೇಳಬಹುದು; ಕಂಪನಿಯನ್ನು ದೂರಿ ಫಲವಿಲ್ಲ, ಅದು ಬರೆದುಕೊಟ್ಟುದನ್ನೇ ಕೇಳಿತು. ನಾಕೆಯಲ್ಲಿ ಜನ ಕೊಡಲೊಲ್ಲದ ಹಣವನ್ನು ಖಜಾನೆ ಕೊಟ್ಟಿತು; ಖಜಾನೆಯ ಹಣವೂ ಜನರದೇ. ಬೆಂಕಿ ನಾಕೆಯನ್ನು ಸುಟ್ಟಿತು, ಕರಾರನ್ನು ಸುಡಲಿಲ್ಲ. ಇದನ್ನು ಪತ್ರಿಕೆಗಳು ಸರಕಾರ ಮತ್ತು ಕಂಪನಿಗಳ ನಡುವಣ ಸಂಘರ್ಷವೆಂದು ವರ್ಣಿಸುವುದುಂಟು. ನನಗೆ ಆ ಮಾತು ಒಪ್ಪಿಗೆಯಲ್ಲ. ಕರಾರಿಗೆ ಸಹಿ ಮಾಡಿದ ಕೈಯೂ ಆಳುವವರದು, ಅದನ್ನು ಮುರಿಯುವೆವೆಂದು ಮೇಲೆತ್ತಿದ ಕೈಯೂ ಆಳುವವರದೇ. ನಡುವೆ ಪಕ್ಷ ಬದಲಾಗಿರಬಹುದು, ಜವಾಬುದಾರಿ ಬದಲಾಗುವುದಿಲ್ಲ. ಸಹಿಯ ಮುನ್ನ ನಡೆಯಬೇಕಾದ ರಾಜಕೀಯ ಸಹಿಯ ಅನಂತರ ನಡೆದರೆ ಅದರ ಬೆಲೆ ಇಮ್ಮಡಿಯಾಗುತ್ತದೆ.

ಇನ್ನೊಂದು ಅನ್ಯಾಯವನ್ನೂ ಗಮನಿಸಬೇಕು. ನಗರದ ರಸ್ತೆಗಳ ಕರಾರಿಗೆ ಒಪ್ಪಿಗೆ ಕೊಟ್ಟದ್ದು ಕೊಲ್ಹಾಪುರದ ಪಾಲಿಕೆ. ಆದರೆ ನಾಕೆಗಳು ನಿಂತದ್ದು ಊರ ಬಾಗಿಲಲ್ಲಿ. ಇಚಲಕರಂಜಿಯಿಂದ ನೂಲು, ಬಟ್ಟೆ ಹೇರಿಕೊಂಡು ಶಿರೋಲಿಯ ಮಾರ್ಗವಾಗಿ ಬರುವ ಟೆಂಪೊ, ಗಡಹಿಂಗ್ಲಜ ತಾಲೂಕಿನಿಂದ ಬೆಲ್ಲ ತುಂಬಿಕೊಂಡು ಮಾರ್ಕೆಟ್ ಯಾರ್ಡಿಗೆ ಹೊರಟ ಗಾಡಿ, ಜಿಲ್ಲಾ ಆಸ್ಪತ್ರೆಗೆ ರೋಗಿಯನ್ನು ಕರೆತರುವ ಬಾಡಿಗೆ ವಾಹನ, ಇವೆಲ್ಲವೂ ಆ ಬಾಗಿಲನ್ನೇ ಹಾಯಬೇಕು. ಈ ಜನರಿಗೆ ಕೊಲ್ಹಾಪುರ ಪಾಲಿಕೆಯ ಚುನಾವಣೆಯಲ್ಲಿ ಮತವಿಲ್ಲ. ಒಪ್ಪಿಗೆ ಕೊಟ್ಟವರು ಒಬ್ಬರು, ತೆರುವವರು ಮತ್ತೊಬ್ಬರು. ಅದರಲ್ಲೂ ಗಡಹಿಂಗ್ಲಜದ ಕಡೆಯ ಅನೇಕರ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಂಥ ಕರಾರುಗಳ ಮಾತು ಇಂಗ್ಲಿಷು. ಮೂರು ಮೆಟ್ಟಿಲು ಹತ್ತಿದ ಮೇಲೆಯೇ ತಾನು ಏನನ್ನು ತೆರುತ್ತಿದ್ದೇನೆಂದು ತಿಳಿಯಬೇಕಾದ ಸ್ಥಿತಿ ಅವನದು.

ಹಿಂದೆ ಹೀಗಿತ್ತೇ? ನೀವು ಪಠ್ಯದಲ್ಲಿ ಓದುವ ಶಾಸನಗಳನ್ನು ನೆನಪಿಸಿಕೊಳ್ಳಿ. ಕೊಲ್ಹಾಪುರದಲ್ಲಿಯೇ ದೊರೆತ ಶಕ 1058ರ, ಅಂದರೆ ಕ್ರಿ.ಶ. 1135–36ರ ಕನ್ನಡ ಶಾಸನವೊಂದಿದೆ. ಶಿಲಾಹಾರ ಗಂಡರಾದಿತ್ಯನ ಕಾಲದ್ದು. ಸಾಮಂತ ನಿಂಬದೇವನು ಕವಡೆಗೊಲ್ಲದ ಸಂತೆಯಲ್ಲಿ ಕಟ್ಟಿಸಿದ ಬಸದಿಗಾಗಿ ಅಯ್ಯಾವೊಳೆ ಐನೂರ್ವರ ಸಂಘಕ್ಕೆ ಸೇರಿದ ವರ್ತಕರು ಕೂಡಿ, ತಮ್ಮ ಸರಕುಗಳ ಮೇಲೆ ಇಂತಿಷ್ಟು ಎಂದು ತಾವೇ ಗೊತ್ತುಮಾಡಿಕೊಂಡ ವಂತಿಗೆಯ ವಿವರ ಅದರಲ್ಲಿದೆ. ಯಾರು ಕೊಡಬೇಕು, ಯಾವುದರ ಮೇಲೆ ಕೊಡಬೇಕು, ಯಾವ ಉದ್ದೇಶಕ್ಕೆ ಸಲ್ಲಬೇಕು ಎಂಬುದನ್ನೆಲ್ಲ ಕಲ್ಲಿನಲ್ಲಿ, ಸಂತೆಗೆ ತಿಳಿಯುವ ಮಾತಿನಲ್ಲಿ ಕೊರೆಸಿದರು. ಆ ಕಾಲವನ್ನು ಚಿನ್ನದ ಯುಗವೆಂದು ಬಣ್ಣಿಸುವ ಉದ್ದೇಶ ನನಗಿಲ್ಲ. ಓದು ಬಲ್ಲವರು ಆಗ ಕೆಲವರೇ. ಒಪ್ಪಿಗೆಯಿಲ್ಲದೆ ಹೇರಿದ ತೆರಿಗೆಗಳಿಗೂ ಕೊರತೆಯಿರಲಿಲ್ಲ. ಆದರೂ ಕೊಡುವವನ ಮುಂದೆ ಕರಾರನ್ನು ನಿಲ್ಲಿಸಬೇಕೆಂಬ ತಿಳಿವಳಿಕೆ ಆ ಕಲ್ಲಿನಲ್ಲಿದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಶಾಸನಪದಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವ ನಾವು, ಅವು ಒಮ್ಮೆ ಜೀವಂತ ವ್ಯವಹಾರದ ಪದಗಳಾಗಿದ್ದುವೆಂಬುದನ್ನು ಮರೆಯುತ್ತೇವೆ. ಸುಂಕದ ಬಂಕಣ್ಣನಂಥ ವಚನಕಾರ ತನ್ನ ಕಾಯಕದ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿಯಬಲ್ಲವನಾದುದು ಆ ಪರಿಭಾಷೆ ಕೇಳುಗರಿಗೆ ತಿಳಿದಿದ್ದುದರಿಂದಲೇ.

ಗಡಿಯಾಚೆಯ ಕರ್ನಾಟಕವೂ ಇದಕ್ಕೆ ಹೊರತಲ್ಲ. ಬೆಂಗಳೂರು–ಮೈಸೂರು ಕಾರಿಡಾರಿಗಾಗಿ ರಾಜ್ಯ ಸರಕಾರ ನೈಸ್ ಕಂಪನಿಯೊಡನೆ 1997ರಲ್ಲಿ ಕರಾರು ಮಾಡಿಕೊಂಡಿತು. ಬಳಿಕ ಬಂದ ಸರಕಾರಗಳು ಅದರೊಡನೆ ಸೆಣಸಿದವು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಯೋಜನೆಯನ್ನು ಎತ್ತಿಹಿಡಿಯಿತು. 2016ರಲ್ಲಿ ಸದನ ಸಮಿತಿಯೊಂದು ಅದೇ ಕರಾರನ್ನು ಮತ್ತೆ ಶೋಧಿಸಿ ವರದಿ ಕೊಟ್ಟಿತು. ಸಹಿಯಾದ ಸುಮಾರು ಇಪ್ಪತ್ತು ವರ್ಷಗಳ ಮೇಲೆ ಓದು! ಭೂಮಿ ಕಳೆದುಕೊಂಡ ರೈತನಿಗೆ ಆ ಓದಿನಿಂದ ಆಗಬೇಕಾದುದೇನು?

ಕರಾರೆಂಬುದು ಕಾನೂನಿನ ಪರಿಭಾಷೆಯ ಕಗ್ಗಂಟು, ಸಾಮಾನ್ಯರ ಮುಂದಿಟ್ಟರೆ ಅರ್ಥವಾಗುವುದೇ ಎಂದು ಕೇಳುವವರಿದ್ದಾರೆ. ಪೂರ್ತಿ ಅರ್ಥವಾಗಬೇಕಿಲ್ಲ. ಎಷ್ಟು ವರ್ಷ, ಎಷ್ಟು ದರ, ಯಾರಿಂದ, ಮುರಿದರೆ ಯಾರಿಗೆ ಎಷ್ಟು ದಂಡ ಎಂಬ ನಾಲ್ಕು ಸಂಗತಿಗಳನ್ನು ಒಂದು ಪುಟದಲ್ಲಿ ಬರೆಯಬಹುದು. ಹೀಗೆ ಎಲ್ಲವನ್ನೂ ಬೀದಿಗಿಟ್ಟರೆ ಬಂಡವಾಳ ಹೂಡಲು ಯಾರೂ ಬರಲಾರರೆಂಬ ಅಂಜಿಕೆಯೂ ಉಂಟು. ವಾಸ್ತವವಾಗಿ ಬಂಡವಾಳಗಾರ ಅಂಜುವುದು ಸಹಿಯಾದ ಮೇಲೆ ಏಳುವ ಬಿರುಗಾಳಿಗೆ. ಸಹಿಗೆ ಮೊದಲೇ ನಡೆದ ಚರ್ಚೆ ಅವನಿಗೂ ರಕ್ಷೆ.

ಈ ಹೋರಾಟದ ಮುಂಚೂಣಿಯಲ್ಲಿದ್ದವರು ಎನ್.ಡಿ. ಪಾಟೀಲರು ಮತ್ತು ಗೋವಿಂದ ಪಾನಸರೆಯವರು. ಪಾಟೀಲರನ್ನು ಕನ್ನಡಿಗರು ಬಲ್ಲುದು ಗಡಿವಿವಾದದಲ್ಲಿ ಮಹಾರಾಷ್ಟ್ರದ ಪಕ್ಷ ಹಿಡಿದ ಧುರೀಣರೆಂದು. ಆ ವಿಷಯದಲ್ಲಿ ಅವರೊಡನೆ ನಮಗೆ ಭಿನ್ನಾಭಿಪ್ರಾಯವಿದ್ದೀತು. ಆದರೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಬೀದಿಗಿಳಿದು ಕೇಳಿದ ಪ್ರಶ್ನೆಗೆ ಗಡಿಯಿಲ್ಲ. ನಾಕೆಯಲ್ಲಿ ಕನ್ನಡದ ಗಾಡಿಗೂ ಮರಾಠಿಯ ಗಾಡಿಗೂ ದರ ಒಂದೇ ಆಗಿತ್ತು. ವೃತ್ತಿಯಿಂದ ವಕೀಲರಾಗಿದ್ದ ಪಾನಸರೆಯವರು 2015ರ ಫೆಬ್ರವರಿ 16ರಂದು ಹಂತಕರ ಗುಂಡಿಗೆ ಗುರಿಯಾಗಿ 20ರಂದು ಅಸುನೀಗಿದರು; ಟೋಲ್ ರದ್ದಾದುದನ್ನು ಕಾಣಲು ಅವರಿರಲಿಲ್ಲ.

ನಾವೇನು ಮಾಡಬಹುದು? ಭಾಷೆಯ ವಿದ್ಯಾರ್ಥಿಗೆ ಮೋರ್ಚಾ ಒಂದೇ ದಾರಿಯಲ್ಲ. ಅವನ ಕೈಯಲ್ಲಿ ಅನುವಾದವಿದೆ. ಪ್ರತಿ ಸತ್ರದಲ್ಲಿ ನಮ್ಮ ವಿಭಾಗ ಒಂದು ಸಾರ್ವಜನಿಕ ದಸ್ತಾವೇಜನ್ನು ಆರಿಸಿಕೊಳ್ಳಲಿ: ನಗರಸಭೆಯ ಒಂದು ಟೆಂಡರು, ಭೂಸ್ವಾಧೀನದ ಒಂದು ಪ್ರಕಟಣೆ, ವಿದ್ಯುತ್ ದರದ ಒಂದು ಆದೇಶ. ಅದನ್ನು ಎಲ್ಲರೂ ಕೂಡಿ ಓದಿ, ತಿಳಿಗನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಮರಾಠಿ ವಿಭಾಗದ ಮಿತ್ರರ ನೆರವಿನಿಂದ ಮರಾಠಿಯಲ್ಲೂ ಸಿದ್ಧಪಡಿಸಿ, ಇದೇ ವಾರ್ತಾಪತ್ರದಲ್ಲಿ ಅಚ್ಚು ಹಾಕೋಣ. ಹಳಗನ್ನಡದ ಶಾಸನವನ್ನು ಬಿಡಿಸಿ ಓದಬಲ್ಲವರಿಗೆ ಇಂದಿನ ಕರಾರುಪತ್ರ ಅಸಾಧ್ಯವಾಗಲಾರದು. ಮುಂದಿನ ನಾಕೆ ಎಲ್ಲಿ ಏಳುವುದೆಂದು ನಾವರಿಯೆವು. ಅದರ ಕಾಗದ ಮಾತ್ರ ಈಗಾಗಲೇ ಯಾವುದೋ ಮೇಜಿನ ಮೇಲಿರಬಹುದು.