ಬೇಲಿಯೇ ಹೊಲ ಮೇಯ್ದಾಗ

ದಸರಾ ರಜೆಯ ಐದು ದಿನಗಳನ್ನು ಹಳ್ಳಿಯಲ್ಲಿ ಕಳೆದು ಮೈಸೂರಿಗೆ ಹಿಂದಿರುಗಿದ ಮೇಷ್ಟ್ರೊಬ್ಬರು, ಶಾಲೆ ತೆರೆದ ದಿನ ಬೆಳಿಗ್ಗೆ ಮೋಟಾರ್ ಸೈಕಲ್ಲನ್ನು ಅಂಗಳಕ್ಕೆ ತಂದು ಸೆಲ್ಫಿನ ಗುಂಡಿಯನ್ನು ಒತ್ತಿದರು. 'ಟಕ್' ಎಂದಿತು, ಅಷ್ಟೆ. ಇನ್ನೊಮ್ಮೆ ಒತ್ತಿದಾಗ ಆ ಸದ್ದೂ ಇಲ್ಲ. ಮುಂದಿನ ದೀಪ ಮಿಣುಕಿ ನಂದಿತು. ಮನೆಯಾಕೆ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಪ್ರಾರ್ಥನೆಯ ಗಂಟೆಗೆ ಉಳಿದಿರುವುದು ಹದಿನೈದೇ ನಿಮಿಷ. ಬ್ಯಾಟರಿಯಾದರೋ ಹೊಸದು. ವರ್ಷದೊಳಗೆ ಇದು ಎರಡನೆಯದು.

ಕೋಪ ಬಂದುದು ಸಹಜವೇ. ಆ ಸಂಜೆ ಬ್ಯಾಟರಿಯನ್ನು ಬಿಚ್ಚಿ ಅಂಗಡಿಗೆ ಒಯ್ದು, ನಾಲ್ಕು ಜನರ ಮುಂದೆ, "ಹಳೆಯ ಸರಕಿಗೆ ಹೊಸ ಚೀಟಿ ಅಂಟಿಸಿ ಕೊಟ್ಟಿರೋ ಹೇಗೆ?" ಎಂದುಬಿಟ್ಟರು. ಅಂಗಡಿಯವರ ಮುಖ ಸಣ್ಣದಾಯಿತು. "ಬ್ಯಾಟರಿ ಇಲ್ಲಿರಲಿ ಮೇಷ್ಟ್ರೇ, ಚಾರ್ಜು ಮಾಡಿ ಪರೀಕ್ಷಿಸುತ್ತೇನೆ. ಆದರೆ ಗಾಡಿಯನ್ನೂ ಯಾರಿಗಾದರೂ ಒಮ್ಮೆ ತೋರಿಸಿ" ಎಂದರು. ಎರಡನೆಯ ಮಾತು ಮೇಷ್ಟ್ರ ಕಿವಿಗೆ ಬೀಳಲಿಲ್ಲ.

ಬ್ಯಾಟರಿಯೆಂಬುದು ಬಾವಿಯಲ್ಲ, ಕೊಡ, ತುಂಬಿದಷ್ಟನ್ನೇ ಕೊಡಬಲ್ಲುದು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬ ವಿಜ್ಞಾನಿ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಮೊದಲ ಕೋಶವನ್ನು ರಚಿಸಿದನು. ಇಂದಿಗೂ ಹೆಚ್ಚಿನ ಮೋಟಾರ್ ಸೈಕಲ್ಲುಗಳಲ್ಲಿರುವುದು ಆ ಸೀಸ ಮತ್ತು ಆಮ್ಲಗಳ ಸಂಸಾರವೇ. ಒಂದೊಂದಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚಿನ ಬಲವಿರುವ ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುತ್ತದೆ.

1960ರ ದಶಕದಲ್ಲಿ ಇದೇ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬೀಳತೊಡಗಿದ ಜಾವಾ ವಾಹನಕ್ಕೆ ಇದ್ದುದು 6 ವೋಲ್ಟಿನ ಬ್ಯಾಟರಿ. ಅದನ್ನು ಎಬ್ಬಿಸುವ ಕೆಲಸ ಸವಾರನ ಕಾಲಿಗೆ ಸೇರಿತ್ತು. ಈಗ ಆ ಭಾರವೆಲ್ಲ ಬ್ಯಾಟರಿಯ ಹೆಗಲಿಗೆ ಬಿದ್ದಿದೆ. 2017ರಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ನಡೆಯುವಾಗ ಮುಂದಿನ ದೀಪ ಹಗಲೂ ಉರಿಯಬೇಕು. 2020ರ ಹೊಗೆ ನಿಯಮದ ಮೇಲೆ ಬಂದ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ಒತ್ತುವುದೂ ವಿದ್ಯುತ್ ಪಂಪೇ. ಆದುದರಿಂದ ಬ್ಯಾಟರಿ ಬರಿದಾದಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಕೊಡ ಗಟ್ಟಿಯಾಗಿದೆಯೆ? ಅದಕ್ಕೆ ನೀರು ಬೀಳುತ್ತಿದೆಯೆ? ಎಲ್ಲಿಯಾದರೂ ಸೋರುತ್ತಿದೆಯೆ?

ಮೊದಲನೆಯದಕ್ಕೆ ಅಂಗಡಿಯವರೇ ಉತ್ತರ ಕೊಟ್ಟರು. 8 ಆಂಪಿಯರ್ ಗಂಟೆಯ ಆ ಬ್ಯಾಟರಿಯನ್ನು ಅದರ ಹತ್ತನೆಯ ಒಂದು ಪಾಲಿನಂತೆ, ಎಂದರೆ 0.8 ಆಂಪಿಯರಿನಲ್ಲಿ, ನಿಧಾನವಾಗಿ ರಾತ್ರಿಯೆಲ್ಲ ತುಂಬಿ, ಒಂದು ದಿನ ಸುಮ್ಮನೆ ಬಿಟ್ಟು ಅಳೆದರು. ಮೀಟರು 12.7 ವೋಲ್ಟು ತೋರಿಸಿತು. 12.6ಕ್ಕಿಂತ ಮೇಲಿದ್ದರೆ ತುಂಬಿದೆಯೆಂದೂ, 12ರ ಹತ್ತಿರ ಬಂದರೆ ಬರಿದಾಗಿದೆಯೆಂದೂ ಅರ್ಥ. ಭಾರ ಹೊರಿಸಿದಾಗಲೂ ಅದು 10 ವೋಲ್ಟಿಗಿಂತ ಕೆಳಗಿಳಿಯಲಿಲ್ಲ. ಕೊಡದಲ್ಲಿ ದೋಷವಿರಲಿಲ್ಲ.

ಶನಿವಾರ ಬೆಂಗಳೂರಿನಿಂದ ಮಗ ಬಂದನು. ತಂದೆಯ ಮಾತನ್ನೆಲ್ಲ ಕೇಳಿ, ತನ್ನ ಮಲ್ಟಿಮೀಟರನ್ನು ಹಿಡಿದು ಅಂಗಳದಲ್ಲಿ ಕುಳಿತನು. ಬ್ಯಾಟರಿಯ ತುದಿಗಳ ಬಿಳಿಯ ಬೂಷ್ಟನ್ನು ಒರೆಸಿ ತಿರುಪುಗಳನ್ನು ಬಿಗಿ ಮಾಡಿದನು. ಸಡಿಲವಾದ ತಿರುಪೊಂದೇ ಎಷ್ಟೋ ಹೊಸ ಬ್ಯಾಟರಿಗಳಿಗೆ ಕೆಟ್ಟ ಹೆಸರು ತಂದಿರುವುದುಂಟು. ಬಳಿಕ ಎಂಜಿನ್ನನ್ನು ಎಬ್ಬಿಸಿ ವೇಗವನ್ನು ಏರಿಸಿದಾಗ ಮೀಟರು 14.1 ವೋಲ್ಟು ತೋರಿಸಿತು. ಇದು 13ರ ಕೆಳಗೇ ಉಳಿದಿದ್ದರೆ ಕಾಯಿಲನ್ನೋ, ರೆಗ್ಯುಲೇಟರನ್ನೋ, ನಡುವಣ ತಂತಿಯನ್ನೋ ಶಂಕಿಸಬೇಕಾಗಿತ್ತು. 15ನ್ನು ಮೀರಿದ್ದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆಯೆಂದು ತಿಳಿಯಬೇಕಾಗಿತ್ತು. ನೀರೂ ಸರಿಯಾಗಿಯೇ ಬೀಳುತ್ತಿತ್ತು.

ಉಳಿದದ್ದು ಸೋರಿಕೆ. ಬೀಗದ ಕೈಯನ್ನು ತೆಗೆದು, ಋಣಧ್ರುವದ ತಂತಿಯನ್ನು ಬಿಚ್ಚಿ, ಆ ತಂತಿಗೂ ಧ್ರುವಕ್ಕೂ ನಡುವೆ ಮೀಟರನ್ನು 10 ಆಂಪಿಯರಿನ ಸ್ಥಾನದಲ್ಲಿಟ್ಟು ಸೇರಿಸಿದನು. ಈ ಸ್ಥಿತಿಯಲ್ಲಿ ಸೆಲ್ಫನ್ನು ಒತ್ತಬಾರದು. ಒತ್ತಿದರೆ ಮೀಟರೇ ಸುಟ್ಟೀತು. ಗಡಿಯಾರ ಮೊದಲಾದವಕ್ಕೆ ಕೆಲವೇ ಮಿಲಿ ಆಂಪಿಯರು ಸಾಕು. ಆದರೆ ಅಲ್ಲಿ ಕಂಡದ್ದು 50! ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದನು, ಅಂಕಿ ಕದಲಲಿಲ್ಲ. ಸೀಟಿನ ಕೆಳಗೆ ಫ್ಯೂಸಿನ ಪೆಟ್ಟಿಗೆಯ ಗೊಡವೆಯೇ ಇಲ್ಲದೆ ನೇರವಾಗಿ ಧನಧ್ರುವಕ್ಕೆ ಅಂಟಿಕೊಂಡಿದ್ದ ತೆಳ್ಳನೆಯ ಕೆಂಪು ತಂತಿಯೊಂದು ಕಾಣಿಸಿತು. ಅದನ್ನು ಬಿಡಿಸಿದೊಡನೆ ಮೀಟರು ಒಂದಕ್ಕೆ ಇಳಿಯಿತು.

ಮಗ ಕೆಲಹೊತ್ತು ಮಾತನಾಡಲಿಲ್ಲ. ಪಕ್ಕದ ಬೀದಿಯಲ್ಲಿ ಗಾಡಿಯೊಂದು ಕಳುವಾದ ಸುದ್ದಿ ಕೇಳಿ, ವಾಹನವೆಲ್ಲಿದೆಯೆಂದು ಮೊಬೈಲಿನಲ್ಲಿ ತೋರಿಸುವ ಕಾವಲು ಪೆಟ್ಟಿಗೆಯೊಂದನ್ನು ಹಿಂದಿನ ಯುಗಾದಿಯಂದು ತಂದು, ತನ್ನ ಕೈಯಿಂದಲೇ ಜೋಡಿಸಿದ್ದವನು ಅವನು. "ಅಪ್ಪ, ಕಳ್ಳ ಅಂಗಡಿಯಲ್ಲಿಲ್ಲ. ನಾನೇ ತಂದು ಮನೆಯಲ್ಲಿ ಕೂರಿಸಿದ್ದೇನೆ" ಎಂದನು.

ಲೆಕ್ಕ ಸರಳವಾದುದು. 50 ಮಿಲಿ ಆಂಪಿಯರು ದಿನದ 24 ಗಂಟೆ ಹರಿದರೆ 1.2 ಆಂಪಿಯರ್ ಗಂಟೆ. ಐದು ದಿನಕ್ಕೆ 6. ತುಂಬಿದ ಕೊಡದಲ್ಲೇ ಮುಕ್ಕಾಲು ಖಾಲಿ. ಮೇಷ್ಟ್ರ ಸವಾರಿಯೋ ದಿನಕ್ಕೆ ಮೂರು ಮೂರು ಕಿಲೋಮೀಟರು ಮಾತ್ರ. ಸೆಲ್ಫು ಕುಡಿದದ್ದನ್ನೂ ಪೆಟ್ಟಿಗೆ ಕದ್ದದ್ದನ್ನೂ ತೀರಿಸುವಷ್ಟು ಹೊತ್ತು ಎಂಜಿನ್ ನಡೆಯುತ್ತಲೇ ಇರಲಿಲ್ಲ. ಹಿಂದಿನ ಬ್ಯಾಟರಿ ಬೇಸಗೆ ರಜೆಯಲ್ಲಿ ಬರಿದಾಗಿ ವಾರಗಟ್ಟಲೆ ಹಾಗೆಯೇ ನಿಂತಿತ್ತು. ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟುತ್ತದೆ. ಬಳಿಕ ಎಷ್ಟು ತುಂಬಿದರೂ ಅದು ಮೊದಲಿನಂತಾಗದು. ಒಂದು ಬ್ಯಾಟರಿ ಸತ್ತದ್ದು ಹಾಗೆ; ಇನ್ನೊಂದು ಸಾಯುವುದರಲ್ಲಿತ್ತು.

ಪರಿಹಾರಕ್ಕೆ ಹೆಚ್ಚು ಖರ್ಚಾಗಲಿಲ್ಲ. ಗಾಡಿ ನಿಂತಾಗ ತಾನೂ ನಿದ್ರಿಸುವ, ಅಲುಗಿದರೆ ಮಾತ್ರ ಏಳುವ ಬೇರೊಂದು ಪೆಟ್ಟಿಗೆಯನ್ನು ಮಗ ಫ್ಯೂಸಿನ ಮೂಲಕ ಜೋಡಿಸಿಕೊಟ್ಟನು. ಊರಿಗೆ ಹೋಗುವಾಗ ಗಾಡಿಯನ್ನು ಒಳಗಿಟ್ಟು ಬೀಗ ಹಾಕಿ ಋಣಧ್ರುವದ ತಂತಿಯನ್ನು ಬಿಚ್ಚಿಡುವುದು, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಊರ ಹೊರಗೆ ಓಡಿಸುವುದು ಎಂಬೆರಡು ನಿಯಮಗಳನ್ನು ಮೇಷ್ಟ್ರು ತಾವೇ ಹಾಕಿಕೊಂಡರು.

ಮೂರನೆಯ ನಿಯಮವೊಂದಿತ್ತು, ಅದು ಕಷ್ಟದ್ದು. ಸೋಮವಾರ ಸಂಜೆ ಅವರು ಮತ್ತೆ ಆ ಅಂಗಡಿಗೆ ಹೋದರು. ಆಗಲೂ ಅಲ್ಲಿ ನಾಲ್ಕು ಜನರಿದ್ದರು. ಅವರು ಹೊರಟುಹೋಗಲೆಂದು ಕಾಯಬಹುದಾಗಿತ್ತು, ಮೇಷ್ಟ್ರು ಕಾಯಲಿಲ್ಲ. "ತಪ್ಪು ನಮ್ಮ ಮನೆಯಲ್ಲೇ ಇತ್ತು. ಅಂದು ನಾನು ಆಡಿದ ಮಾತು ಸಲ್ಲದು" ಎಂದರು. ಅಂಗಡಿಯವರು ಎದ್ದು ನಿಂತು ಕುರ್ಚಿಯನ್ನು ಮುಂದೆ ಸರಿಸಿ, "ಅದಿರಲಿ ಮೇಷ್ಟ್ರೇ, ಗಾಡಿ ಈಗ ಹೇಗಿದೆ?" ಎಂದು ಕೇಳಿದರು.