ಹಠ ಹಿಡಿದ ಗೇರ್ ನಾಬ್

ಸೋದರಿಯರೇ, ಕುಕ್ಕರಿನ ಹಿಡಿ ಅಲುಗಾಡಿದರೆ ನೀವು ಏನು ಮಾಡುತ್ತೀರಿ? ಅದೇ ದಿನ ಸ್ಕ್ರೂಡ್ರೈವರ್ ಹುಡುಕಿ ಬಿಗಿ ಮಾಡುತ್ತೀರಿ. ಇಲ್ಲದಿದ್ದರೆ ಕುದಿಯುವ ಸಾರು ಕೈಮೇಲೆ ಬೀಳುತ್ತದೆಂದು ನಿಮಗೆ ಗೊತ್ತು. ಆದರೆ ಕಾರಿನ ಗೇರ್ ನಾಬ್ ಅಲುಗಾಡಿದರೆ? 'ಗಂಡಸರು ನೋಡಿಕೊಳ್ಳಲಿ' ಎಂದು ಬಿಟ್ಟುಬಿಡುತ್ತೇವೆ. ಗೇರ್ ಕಂಬಿಯ ತುದಿಯಲ್ಲಿ ಅಂಗೈಗೆ ಸಿಗುವ ಆ ಗುಂಡು ಹಿಡಿಕೆ ಇದೆಯಲ್ಲ, ಈ ತಿಂಗಳು ಅದರದೇ ಮಾತು.

ಕಳೆದ ಬೇಸಿಗೆಯಲ್ಲಿ ಸಂಡೂರು ತಾಲೂಕಿನ ಚೋರನೂರಿಗೆ, ನನ್ನ ಆಪಾ ಮನೆಗೆ ಹೋಗಿದ್ದೆ. ಅವರ ಅಂಗಳದಲ್ಲಿ ನಮ್ಮ ಅಬ್ಬಾನ ಮಾರುತಿ 800 ನಿಂತಿತ್ತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು, ನಮ್ಮಂತಹ ಎಷ್ಟೋ ಮನೆಗಳಿಗೆ ಮೊದಲ ಕಾರಾಗಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ಆ ಪುಟ್ಟ ಕಾರು ನಿಮಗೂ ನೆನಪಿರಬಹುದು. ಅಬ್ಬಾ ತೀರಿಕೊಂಡ ಮೇಲೆ ಆಪಾ ಡ್ರೈವಿಂಗ್ ಕಲಿತರು. ಅಮ್ಮಿಯನ್ನು ಹೊಸಪೇಟೆಯ ಡಾಕ್ಟರ ಬಳಿಗೆ ಕರೆದೊಯ್ಯುವವರು ಅವರೇ. ಭಾಯಿಜಾನ್ ಲಾರಿ ಓಡಿಸುವವರು, ತಿಂಗಳಲ್ಲಿ ಅರ್ಧ ದಿನ ಮನೆಯಲ್ಲಿರುವುದಿಲ್ಲ.

ಆ ಕಾರಿನ ನಾಬ್ ಬಹಳ ದಿನಗಳಿಂದ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಅದರ ಮೇಲಿನ ಅಂಕೆಗಳು ಅಬ್ಬಾನ ಅಂಗೈ ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಒಂದು ದಿನ ಸಂಡೂರಿನ ಕಡೆಯ ಏರಿನಲ್ಲಿ ಕಾರು ನಿಂತಿತು. ಹಿಂದೆ ಅದಿರು ತುಂಬಿದ ಲಾರಿ. ಫಸ್ಟ್ ಗೇರ್ ಹಾಕಲು ಹೋದಾಗ ನಾಬ್ ಕೈಯಲ್ಲಿ ಜಾರಿ ಥರ್ಡ್ ಬಿತ್ತು. ಎಂಜಿನ್ ಬಂದ್ ಆಗಿ ಕಾರು ಹಿಂದಕ್ಕೆ ಸರಿಯತೊಡಗಿತು. "ಹ್ಯಾಂಡ್‌ಬ್ರೇಕ್ ಎಳೆದೆ. ಅಲ್ಲಾಹನೇ ಕಾಪಾಡಿದ. ಪಕ್ಕದಲ್ಲಿ ಅಮ್ಮಿ ಇದ್ದರು ಕಣೇ" ಎಂದು ಹೇಳುವಾಗ ಆಪಾ ಧ್ವನಿ ನಡುಗುತ್ತಿತ್ತು.

"ಮತ್ತೆ ಇನ್ನೂ ಯಾಕೆ ಬದಲಾಯಿಸಿಲ್ಲ?" ಎಂದೆ.

"ಅದು ಬರುವುದೇ ಇಲ್ಲ" ಎಂದರು. ಸ್ವಲ್ಪ ಹೊತ್ತಿನ ನಂತರ, "ಅದನ್ನು ಹಿಡಿದರೆ ಅಬ್ಬಾನ ಕೈ ಹಿಡಿದ ಹಾಗಿರುತ್ತದೆ" ಎಂದೂ ಹೇಳಿದರು.

ನನಗೆ ಮಾತು ಹೊರಡಲಿಲ್ಲ. ಆದರೆ ಅಮ್ಮಿಯ ಜೀವಕ್ಕಿಂತ ಅದು ದೊಡ್ಡದೇ?

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆವು. ಪಕ್ಕದ ಮನೆಯ ಹುಡುಗ ಬಂದು, "ಖಾಲಾ, ಸುತ್ತಿಗೆ ತರಲಾ? ಎರಡು ಏಟಿಗೆ ಬರುತ್ತೆ" ಎಂದ. ಬೇಡವೆಂದೆ. ಮೊದಲು ಅದು ಹೇಗೆ ಕೂತಿದೆಯೆಂದು ತಿಳಿಯಬೇಕು.

ಎಷ್ಟೋ ಹಳೆಯ ಕಾರುಗಳಲ್ಲಿ ನಾಬ್ ಬಾಟಲಿಯ ಮುಚ್ಚಳದಂತೆ ತಿರುಪಿನಲ್ಲಿ ಕೂತಿರುತ್ತದೆ. ಗ್ಯಾರೇಜಿನವರು ಆ ಥ್ರೆಡ್‌ಗೆ ಉರ್ದುವಿನಲ್ಲಿ 'ಚೂಡಿ' ಎನ್ನುತ್ತಾರೆ, ಅಂದರೆ ಬಳೆ! ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳಬೇಕು. ಕೆಲವದರಲ್ಲಿ ಕೆಳಗೊಂದು ನಟ್ಟು ಇರುತ್ತದೆ, ಅದನ್ನು ಪಾನಾದಿಂದ ಸಡಿಲಿಸಬೇಕು. ಕೆಲವದರಲ್ಲಿ ಬದಿಯಲ್ಲಿ ಚಿಕ್ಕ ಸ್ಕ್ರೂ ಅಡಗಿರುತ್ತದೆ. ಇನ್ನು ಕೆಲವು ಬರೀ ಒತ್ತಿ ಕೂರಿಸಿದವು. ಮೇಲಕ್ಕೆ ಎತ್ತಿದರೆ ಮಾತ್ರ ರಿವರ್ಸ್ ಬೀಳುವ ಬಳೆಯಂತಹ ಉಂಗುರವೂ ಕೆಲವು ಕಾರುಗಳಲ್ಲಿದೆ, ಅದನ್ನು ಕೀಳಬಾರದು.

ನಮ್ಮದು ತಿರುಪಿನದು. ಹಾಗಾದರೆ ಹಠವೇಕೆ? ಹಿಂದೊಮ್ಮೆ ಅದು ಅಲುಗಾಡಿದಾಗ ಅಬ್ಬಾ ಥ್ರೆಡ್ಡಿಗೆ ಗಟ್ಟಿ ಅಂಟು ಸುರಿದಿದ್ದರು. ಅದರ ಮೇಲೆ ನಮ್ಮ ಸೀಮೆಯ ಕೆಂಪು ಧೂಳು, ತುಕ್ಕು. ನಾಬಿನೊಳಗೆ ಲೋಹದ ಚಿಕ್ಕ ಕೊಳವೆ ಇರುತ್ತದೆ, ಥ್ರೆಡ್ ಇರುವುದು ಅದರಲ್ಲಿ. ವರ್ಷಗಳ ಬಿಸಿಲಿಗೆ ಪ್ಲಾಸ್ಟಿಕ್ ಒಣಗಿ ಸೀಳು ಬಿಟ್ಟು ಕೊಳವೆಯಿಂದ ಬೇರೆಯಾಗಿತ್ತು. ಕೊಳವೆ ಕಂಬಿಗೆ ಅಂಟಿದೆ, ಪ್ಲಾಸ್ಟಿಕ್ ಮಾತ್ರ ಸುತ್ತುತ್ತಿದೆ. ತಿರುಗುತ್ತದೆ, ಬರುವುದಿಲ್ಲ!

ನಿಮ್ಮ ಕಾರಿನಲ್ಲಿ ಪ್ಲಾಸ್ಟಿಕ್ ಇನ್ನೂ ಗಟ್ಟಿಯಿದ್ದರೆ ಮೊದಲು ಬಿಸಿಯ ಉಪಾಯ ಮಾಡಿ. ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಿಂದ ಎತ್ತಿ, ನೀರು ಬಸಿದು, ನಾಬಿಗೆ ಸುತ್ತಿ. ಕೆಳಗೆ ಪ್ಲಾಸ್ಟಿಕ್ ಹಾಳೆ, ಹಳೆಯ ಟವೆಲ್ ಹಾಸಿರಲಿ. ಎರಡು ಮೂರು ಸಲ ಹೀಗೆ ಮಾಡಿದರೆ ಅಂಟು ಮೆತ್ತಗಾಗುವುದುಂಟು. ಬರೀ ತುಕ್ಕಾದರೆ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಮೇಣದ ಬತ್ತಿ, ಲೈಟರ್, ಪೆಟ್ರೋಲ್ ಮಾತ್ರ ಕಾರಿನೊಳಗೆ ಬೇಡವೇ ಬೇಡ.

ಇನ್ನೆರಡು ಎಚ್ಚರಿಕೆ. ಬಗ್ಗಿ ನಿಂತು ನಾಬನ್ನು ಮೇಲಕ್ಕೆ ಎಳೆಯಬೇಡಿ, ಒಮ್ಮೆಲೇ ಕಿತ್ತು ಬಂದರೆ ಮೂಗು ಒಡೆಯುತ್ತದೆ. ಸಿಟ್ಟಿನಿಂದ ತಿರುಚಬೇಡಿ, ಆ ಬಲವೆಲ್ಲ ಕಂಬಿಯ ಬುಡದಲ್ಲಿರುವ ಹಳೆಯ ಬುಶ್‌ಗಳ ಮೇಲೆ ಬೀಳುತ್ತದೆ. ನೂರಿನ್ನೂರರ ಕೆಲಸ ಸಾವಿರಗಳಿಗೆ ಹೋಗುತ್ತದೆ. ಒಂದು ಕೈಯಲ್ಲಿ ನಾಬ್ ತಿರುಗಿಸುವಾಗ ಕಂಬಿಗೆ ಬಟ್ಟೆ ಸುತ್ತಿ ಪ್ಲೈಯರ್‌ನಿಂದ ಇನ್ನೊಬ್ಬರು ಹಿಡಿದಿರಲಿ. ಕಾರು ಸಮತಟ್ಟಾದ ಜಾಗದಲ್ಲಿ, ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು.

ನಮ್ಮದಕ್ಕೆ ಈ ಉಪಾಯ ಸಾಲಲಿಲ್ಲ. ಕೊಯ್ಯುವುದೊಂದೇ ದಾರಿ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಆಪಾ ಕೈಗೆ ಕೊಟ್ಟೆ. ಅವರು ತುಂಬಾ ಹೊತ್ತು ಸುಮ್ಮನೆ ಕೂತರು. ನಂತರ, "ಅಬ್ಬಾ ಇದ್ದಿದ್ದರೆ ಆ ಏರಿನ ವಿಷಯ ಕೇಳಿದ ದಿನವೇ ಕೊಯ್ಯುತ್ತಿದ್ದರು" ಎಂದು ತಾವೇ ಬ್ಲೇಡ್ ಆಡಿಸತೊಡಗಿದರು. ಮೇಲಿನಿಂದ ಕೆಳಕ್ಕೆ, ಎದುರುಬದುರು ಎರಡು ಗೆರೆ. ಲೋಹದ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಥ್ರೆಡ್ ಕೆಡುತ್ತದೆ. ಸ್ಕ್ರೂಡ್ರೈವರ್ ತುದಿಯಿಟ್ಟು ಮೀಟಿದಾಗ ನಾಬ್ ಎರಡು ಹೋಳಾಯಿತು. ಉಳಿದ ಕೊಳವೆಗೆ ಮತ್ತೆ ಬಿಸಿ ಬಟ್ಟೆ ಸುತ್ತಿ, ಪ್ಲೈಯರ್‌ನಿಂದ ಕಚ್ಚಿ ಎಡಕ್ಕೆ ತಿರುಗಿಸಿದೆವು. ಕಿರ್ ಎಂದು ಬಂತು!

ಹೊಸದನ್ನು ಕೊಳ್ಳುವಾಗ ಹಳೆಯ ಕೊಳವೆಯನ್ನು ಅಂಗಡಿಗೆ ಒಯ್ಯಿರಿ. ಥ್ರೆಡ್ಡಿನ ಅಳತೆ ಕಾರಿನಿಂದ ಕಾರಿಗೆ ಬೇರೆ. ನಾಲ್ಕು ಗೇರಿನ ಕಾರಿಗೆ ಐದು ಗೇರಿನ ಅಂಕೆಯ ನಾಬ್ ತರಬೇಡಿ. ರಿವರ್ಸ್ ಇರುವ ಮೂಲೆಯೂ ಎಲ್ಲ ಕಾರುಗಳಲ್ಲಿ ಒಂದೇ ಅಲ್ಲ, ಕಲಿಯುವ ಮಕ್ಕಳು ಆ ಅಂಕೆಯನ್ನೇ ನಂಬುತ್ತಾರೆ. ಹೊಳೆಯುವ ಲೋಹದ ನಾಬ್ ನೋಡಲು ಚೆಂದ, ನಮ್ಮ ಬಳ್ಳಾರಿ ಬಿಸಿಲಿಗೆ ಅದು ಕಾದ ತವೆ!

ಥ್ರೆಡ್ಡನ್ನು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ಒರೆಸಿ. ಹೊಸ ನಾಬನ್ನು ಬರಿಗೈಯಲ್ಲೇ ತಿರುಗಿಸಿ. ಮೊದಲ ಸುತ್ತಿನಲ್ಲೇ ಬಿಗಿಯಾದರೆ ಅಳತೆ ತಪ್ಪಿದೆ ಎಂದರ್ಥ, ಒತ್ತಾಯ ಬೇಡ. ಅಂಕೆ ನೇರವಾಗಿ ಬರುವ ಮೊದಲೇ ಸಡಿಲವೆನಿಸಿದರೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಥ್ರೆಡ್ಡಿಗೆ ಎರಡು ಸುತ್ತು ಸುತ್ತಿ. ಅಂಟು ಮಾತ್ರ ಹಾಕಬೇಡಿ, ಮುಂದೊಂದು ದಿನ ಬಿಚ್ಚುವವರು ನಿಮ್ಮ ಮಗಳೇ ಆಗಿರಬಹುದು. ಎಂಜಿನ್ ಬಂದ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಮೇಲೆ ಖಾಲಿ ಮೈದಾನ, ಆಮೇಲೆ ರಸ್ತೆ. ಕಂಬಿಯೇ ಅಲುಗಾಡುತ್ತಿದ್ದರೆ ಅದು ಗ್ಯಾರೇಜಿನ ಕೆಲಸ.

ಸಂಜೆ ಆಪಾ ಅದೇ ಏರಿನಲ್ಲಿ ಬೇಕೆಂದೇ ಕಾರು ನಿಲ್ಲಿಸಿ ಮತ್ತೆ ಹೊರಡಿಸಿದರು. ಫಸ್ಟ್ ಗೇರ್ ನೇರವಾಗಿ ಬಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮಿಗೆ ಏನೂ ಗೊತ್ತಾಗಲಿಲ್ಲ, ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಹಳೆಯ ನಾಬಿನ ಎರಡು ಹೋಳುಗಳು ಈಗ ಆಪಾ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರದ ಉಂಡೆಗಳ ಜೊತೆಗಿವೆ.

ಇಂದು ನಿಮ್ಮ ಮನೆಯ ಕಾರಿನ ನಾಬನ್ನೊಮ್ಮೆ ಅಲುಗಾಡಿಸಿ ನೋಡಿ.